ಅರ್ಥಮಾಡಿಕೊಳ್ಳದಿರುವ ಅಧಿಕಾರ: ದಿನಬಳಕೆಯ ಮಾತುಕತೆಯಲ್ಲಿ ಲಿಂಗತ್ವ ಮತ್ತು ಪರೋಕ್ಷತೆ

ಸಾರಾಂಶ

ಹೆಂಗಸರು ಪರೋಕ್ಷವಾಗಿಯೂ ಗಂಡಸರು ನೇರವಾಗಿಯೂ ಮಾತನಾಡುತ್ತಾರೆಂಬ ಹೇಳಿಕೆ ಕಳೆದ ಐವತ್ತು ವರ್ಷಗಳ ಸಮಾಜಭಾಷಾವಿಜ್ಞಾನದಲ್ಲಿ ಹಲವು ರೂಪಗಳಲ್ಲಿ ಮರಳಿ ಬಂದಿದೆ. ಈ ಹೇಳಿಕೆಯ ಹಿನ್ನೆಲೆಯನ್ನೂ ಅದಕ್ಕೆ ಎದುರಾದ ಸಾಕ್ಷ್ಯಗಳನ್ನೂ ನಾವು ಇಲ್ಲಿ ಪರಿಶೀಲಿಸಿದ್ದೇವೆ. ಪರೋಕ್ಷತೆಯನ್ನು ಉಕ್ತಿಯ ರೂಪದಲ್ಲಿ ಮಾತ್ರ ಅಳೆಯುವ ವಿಧಾನವು ಕನ್ನಡದಂತಹ ಭಾಷೆಯಲ್ಲಿ ಲಿಂಗತ್ವದ ಅಸಮಾನತೆಯನ್ನು ಅದು ಇರುವೆಡೆ ಕಾಣದೆ ಹೋಗುತ್ತದೆ ಎಂಬುದು ನಮ್ಮ ವಾದ. ಅಳೆಯಬೇಕಾದುದು ಸೂಚನೆಗೆ ಕೇಳುಗರು ನೀಡುವ ಪ್ರತಿಕ್ರಿಯೆಯನ್ನು. ಸೂಚನೆಯನ್ನು ಗ್ರಹಿಸುವ ಹೊಣೆ ಯಾರದು, ಗ್ರಹಿಸದಂತಿರುವ ಸ್ವಾತಂತ್ರ್ಯ ಯಾರದು ಎಂಬ ಪ್ರಶ್ನೆಯೇ ಲಿಂಗತ್ವದ ಪ್ರಶ್ನೆ.

ಕೀಲಿಪದಗಳು: ಪರೋಕ್ಷತೆ, ಲಿಂಗತ್ವ, ವಿನಯ, ಕೋರಿಕೆ, ನಿರಾಕರಣೆ, ಗೌರವ ಬಹುವಚನ, ಕನ್ನಡ

1. ಪ್ರಶ್ನೆಯ ಸ್ವರೂಪ

ಸಂಜೆಯ ಹೊತ್ತು ಹಜಾರದಲ್ಲಿ ಕುಳಿತ ಮಾವ, ಯಾರನ್ನೂ ಉದ್ದೇಶಿಸದೆ, “ಇವತ್ತು ಕಾಫಿ ಇಲ್ಲವೇನೋ” ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಕಾಫಿ ಬರುತ್ತದೆ. ಅದೇ ಮನೆಯ ಸೊಸೆ ಅಡುಗೆಮನೆಯಿಂದ, ಎಲ್ಲರಿಗೂ ಕೇಳಿಸುವಷ್ಟು ದನಿಯಲ್ಲಿ, “ನಾಳೆಗೆ ಹಾಲು ಇಲ್ಲವೇನೋ” ಎನ್ನುತ್ತಾಳೆ. “ಹೌದಾ?” ಎಂಬ ಉತ್ತರ ಬರುತ್ತದೆ, ಹಾಲು ಬರುವುದಿಲ್ಲ.

ಈ ಎರಡು ಉಕ್ತಿಗಳನ್ನು ನಾವೇ ರಚಿಸಿದ್ದೇವೆ. ಮುಂದೆ ಬರುವ ಕನ್ನಡದ ಉದಾಹರಣೆಗಳೂ, ಬೇರೆ ಸೂಚನೆಯಿಲ್ಲದಿದ್ದಲ್ಲಿ, ಹಳೆಯ ಮೈಸೂರು ಪ್ರದೇಶದ ಆಡುಗನ್ನಡವನ್ನು ಬಲ್ಲವರಾಗಿ ನಾವು ಕಟ್ಟಿಕೊಂಡವು. ಅವು ದತ್ತಾಂಶವಲ್ಲ, ವಾದವನ್ನು ಸ್ಪಷ್ಟಪಡಿಸುವ ನಿದರ್ಶನಗಳು. ಆದರೆ ಅವುಗಳ ಸಾಧ್ಯತೆಯನ್ನು ಕನ್ನಡ ಬಲ್ಲ ಓದುಗರು ಸಂಶಯಿಸಲಾರರೆಂದು ನಂಬಿದ್ದೇವೆ.

ವ್ಯಾಕರಣದ ದೃಷ್ಟಿಯಿಂದ ಎರಡು ಉಕ್ತಿಗಳೂ ಒಂದೇ: ಅಸ್ತಿತ್ವದ ನಿಷೇಧ, ಅದರ ಮೇಲೆ ಸಂದೇಹವನ್ನು ಸೂಚಿಸುವ ‘-ಏನೋ’. ಎರಡರಲ್ಲಿಯೂ ಕೋರಿಕೆಯ ಕ್ರಿಯಾಪದವಿಲ್ಲ, ಸಂಬೋಧನೆಯಿಲ್ಲ. ಪರೋಕ್ಷತೆಯನ್ನು ಎಣಿಸಹೊರಟ ಸಂಶೋಧಕರು ಗಂಡಸಿನ ಖಾತೆಗೆ ಒಂದು ಸೂಚನೆಯನ್ನೂ ಹೆಂಗಸಿನ ಖಾತೆಗೆ ಒಂದನ್ನೂ ಬರೆದು, ವ್ಯತ್ಯಾಸವಿಲ್ಲವೆಂದು ತೀರ್ಮಾನಿಸಬೇಕಾಗುತ್ತದೆ. ಆದರೆ ವ್ಯತ್ಯಾಸವಿದೆ, ಅದಿರುವುದು ಉಕ್ತಿಯ ನಂತರದ ಕ್ಷಣದಲ್ಲಿ. ಮಾವನ ಸೂಚನೆ ಆಜ್ಞೆಯಾಗಿ ಸಂದಿತು. ಸೊಸೆಯ ಸೂಚನೆ ಸುದ್ದಿಯಾಗಿ ಉಳಿಯಿತು. ಈ ನಂತರದ ಕ್ಷಣವನ್ನು ನಮ್ಮ ಅಧ್ಯಯನಗಳು ಏಕೆ ಕೈಬಿಟ್ಟವು, ಕೈಬಿಟ್ಟುದರಿಂದ ಏನು ನಷ್ಟವಾಯಿತು ಎಂಬುದೇ ಈ ಬರಹದ ವಿಷಯ.

2. ಒಂದು ಹೇಳಿಕೆಯ ವಂಶಾವಳಿ

ರಾಬಿನ್ ಲೇಕಾಫ್ 1973ರಲ್ಲಿ ಲೇಖನವಾಗಿಯೂ 1975ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದ ‘ಲ್ಯಾಂಗ್ವೇಜ್ ಅಂಡ್ ವುಮನ್ಸ್ ಪ್ಲೇಸ್’ ಈ ಚರ್ಚೆಯ ಆರಂಭಬಿಂದು. ಮೆದುಗೊಳಿಸುವ ಪದಗಳು, ಬಾಲಂಗೋಚಿ ಪ್ರಶ್ನೆಗಳು, ಹೇಳಿಕೆಯ ಕೊನೆಯಲ್ಲಿ ಏರುವ ಸ್ವರ, ಅತಿವಿನಯದ ಕೋರಿಕೆಗಳು ಇವೆಲ್ಲ ಸೇರಿ ‘ಹೆಂಗಸರ ಭಾಷೆ’ ರೂಪುಗೊಂಡಿದೆಯೆಂದು ಅವರು ಹೇಳಿದರು. ಅವರ ಆಧಾರ ತಮ್ಮ ಮತ್ತು ತಮ್ಮ ಪರಿಚಿತರ ಮಾತಿನ ಅವಲೋಕನವಾಗಿತ್ತು; ಅಂದರೆ ಅಮೆರಿಕದ ವಿದ್ಯಾವಂತ, ಬಿಳಿಯ, ಮಧ್ಯಮವರ್ಗದ ಇಂಗ್ಲಿಷ್. ಇದನ್ನು ಅವರು ಮುಚ್ಚಿಡಲಿಲ್ಲ. ಅವರ ಪುಸ್ತಕದ ನಿಜವಾದ ಹೊಳಹು ಬೇರೆಯದೇ ಆಗಿತ್ತು. ಹೆಣ್ಣು ಕಲಿಸಿದಂತೆ ಮೃದುವಾಗಿ ಮಾತನಾಡಿದರೆ ಅವಳ ಮಾತಿಗೆ ತೂಕವಿಲ್ಲ. ಹಾಗೆ ಮಾತನಾಡದಿದ್ದರೆ ಅವಳು ಹೆಣ್ಣೇ ಅಲ್ಲವೆಂಬ ಆಕ್ಷೇಪ. ಈ ಇಕ್ಕಟ್ಟಿನ ವಿವರಣೆ ಇಂದಿಗೂ ಹಳತಾಗಿಲ್ಲ. ಮುಂದಿನವರು ಹಿಡಿದುಕೊಂಡದ್ದು ಮಾತ್ರ ಲಕ್ಷಣಗಳ ಪಟ್ಟಿಯನ್ನು, ಇಕ್ಕಟ್ಟಿನ ವಿಶ್ಲೇಷಣೆಯನ್ನಲ್ಲ.

ಪಟ್ಟಿಯ ಮೇಲಿನ ಆಕ್ಷೇಪಗಳು ಬೇಗನೆ ಬಂದವು. ಬೆಟಿ ಲೂ ಡುಬಾಯ್ಸ್ ಮತ್ತು ಇಸಬೆಲ್ ಕ್ರೌಚ್ 1975ರಲ್ಲಿ ವಿದ್ವತ್‌ಗೋಷ್ಠಿಯೊಂದರ ಧ್ವನಿಮುದ್ರಣವನ್ನು ಪರಿಶೀಲಿಸಿದಾಗ, ತಾವು ಗುರುತಿಸಿದ ಬಾಲಂಗೋಚಿ ಪ್ರಶ್ನೆಗಳೆಲ್ಲವೂ ಗಂಡಸರ ಬಾಯಿಂದಲೇ ಬಂದಿದ್ದುದನ್ನು ಕಂಡರು. ವಿಲಿಯಂ ಓಬಾರ್ ಮತ್ತು ಬೋಮನ್ ಅಟ್ಕಿನ್ಸ್ 1980ರಲ್ಲಿ ಉತ್ತರ ಕೆರೊಲಿನಾದ ನ್ಯಾಯಾಲಯಗಳ ಸಾಕ್ಷಿಗಳ ಮಾತನ್ನು ಅಭ್ಯಸಿಸಿ, ಲೇಕಾಫ್ ಪಟ್ಟಿ ಮಾಡಿದ ಲಕ್ಷಣಗಳು ಸಾಕ್ಷಿಯ ಲಿಂಗಕ್ಕಿಂತ ಸಾಮಾಜಿಕ ಸ್ಥಾನ ಮತ್ತು ನ್ಯಾಯಾಲಯದ ಅನುಭವಕ್ಕೆ ಹೆಚ್ಚು ಹೊಂದುತ್ತವೆಂದು ತೋರಿಸಿದರು. ತಜ್ಞಸಾಕ್ಷಿಗಳಾಗಿ ಬಂದ ಹೆಂಗಸರಲ್ಲಿ ಅವು ವಿರಳವಾಗಿದ್ದವು. ಕೆಳಸ್ಥಾನದ ಗಂಡಸರಲ್ಲಿ ಧಾರಾಳವಾಗಿದ್ದವು. ಇದು ಹೆಂಗಸರ ಭಾಷೆಯಲ್ಲ, ಬಲಹೀನರ ಭಾಷೆ ಎಂಬುದು ಅವರ ತೀರ್ಮಾನ.

ಇನ್ನೊಂದು ಕವಲು ಡೇನಿಯಲ್ ಮಾಲ್ಟ್ಸ್ ಮತ್ತು ರೂತ್ ಬೋರ್ಕರ್ ಅವರ 1982ರ ಲೇಖನದಿಂದ ಹೊರಟು, ಡೆಬೊರಾ ಟ್ಯಾನನ್ ಅವರ 1990ರ ಜನಪ್ರಿಯ ಕೃತಿ ‘ಯು ಜಸ್ಟ್ ಡೋಂಟ್ ಅಂಡರ್‌ಸ್ಟ್ಯಾಂಡ್’ನಲ್ಲಿ ಹರಡಿಕೊಂಡಿತು. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಬೇರೆಬೇರೆ ಗೆಳೆಯರ ಗುಂಪುಗಳಲ್ಲಿ ಬೆಳೆದು ಎರಡು ಸಂಸ್ಕೃತಿಗಳವರಂತಾಗುತ್ತಾರೆ. ಆದ್ದರಿಂದ ಗಂಡಹೆಂಡಿರ ನಡುವಿನ ಮನಸ್ತಾಪ ಬಹುಮಟ್ಟಿಗೆ ಅಪಾರ್ಥದ ಫಲ ಎಂಬುದು ಈ ಕವಲಿನ ನಿಲುವು. ಇದರಲ್ಲಿ ಅಧಿಕಾರದ ಪ್ರಶ್ನೆ ಕರಗಿಹೋಗಿದೆಯೆಂದು ಸೆಂಟಾ ಟ್ರೋಮೆಲ್-ಪ್ಲೋಟ್ಸ್ (1991), ಅಕಿ ಉಚಿದಾ (1992) ಮೊದಲಾದವರು ಖಂಡಿಸಿದರು. ನ್ಯಾಯವಾಗಿ ಹೇಳಬೇಕೆಂದರೆ, ಒಂದೇ ತಂತ್ರವು ಅಧಿಕಾರವನ್ನೂ ಆತ್ಮೀಯತೆಯನ್ನೂ ಸೂಚಿಸಬಲ್ಲುದೆಂದೂ, ಪರೋಕ್ಷವಾಗಿ ಮಾತನಾಡುವುದು ಒಡೆಯರ ಸವಲತ್ತೂ ಆಗಬಹುದೆಂದೂ ಟ್ಯಾನನ್ ತಾವೇ ಬರೆದಿದ್ದಾರೆ. ಆದರೆ ಆ ಮಾತನ್ನು ಅದರ ಕೊನೆಯವರೆಗೆ ಒಯ್ಯಲಿಲ್ಲ. ಒಡೆಯನ ಸೂಚನೆ ತಪ್ಪದೆ ಅರ್ಥವಾಗುವುದಾದರೆ, ಹೆಂಡತಿಯ ಸೂಚನೆ ಅರ್ಥವಾಗದಿರುವುದನ್ನು ‘ಅಪಾರ್ಥ’ವೆಂದು ಹೇಗೆ ಕರೆಯುವುದು?

3. ಎದುರುಸಾಕ್ಷ್ಯ: ಮಡಗಾಸ್ಕರ್, ಗಾಪುನ್, ತೆನೆಹಾಪ

ಹೆಣ್ಣು ಮತ್ತು ಪರೋಕ್ಷತೆಯ ನಂಟು ಸಾರ್ವತ್ರಿಕವಲ್ಲ ಎಂಬುದಕ್ಕೆ ಜನಾಂಗವರ್ಣನೆಯಲ್ಲಿ ದೃಢವಾದ ಆಧಾರಗಳಿವೆ. ಎಲಿನರ್ ಕೀನನ್ (ಮುಂದೆ ಎಲಿನರ್ ಓಕ್ಸ್) 1974ರಲ್ಲಿ ಮಡಗಾಸ್ಕರಿನ ವಾಕಿನಾಂಕಾರಾತ್ರ ಪ್ರದೇಶದ ಹಳ್ಳಿಯೊಂದರ ಮಾತಿನ ರೀತಿಯನ್ನು ವಿವರಿಸಿದರು. ಅಲ್ಲಿ ಸುತ್ತಿ ಬಳಸಿ, ಯಾರ ಮುಖವೂ ಮುರಿಯದಂತೆ ಮಾತನಾಡುವುದು ಗೌರವದ ಲಕ್ಷಣ. ಅದು ಗಂಡಸರ ಕೌಶಲ. ವಿಧ್ಯುಕ್ತ ಭಾಷಣವಾದ ‘ಕಬಾರಿ’ ಅವರಿಗೆ ಮೀಸಲು. ಹೆಂಗಸರು ನೇರ ಮಾತಿನವರು: ಸಂತೆಯಲ್ಲಿ ಚೌಕಾಸಿ ಮಾಡುವವರು, ತಪ್ಪಿದವರನ್ನು ಬಹಿರಂಗವಾಗಿ ಗದರುವವರು ಅವರೇ. ಗಂಡಸರು ತಾವಾಡಲಾಗದ ಒರಟು ಮಾತನ್ನು ಹೆಂಡಿರಿಂದ ಆಡಿಸುತ್ತಿದ್ದರು. ಹಾಗಿದ್ದೂ ರೂಢಿಯನ್ನು ಮುರಿಯುವವರೆಂಬ ಹೆಸರು ಬಂದದ್ದು ಹೆಂಗಸರಿಗೆ.

ಪಪುವಾ ನ್ಯೂಗಿನಿಯ ಗಾಪುನ್ ಎಂಬ ಹಳ್ಳಿಯನ್ನು ಕುರಿತು ಡಾನ್ ಕುಲಿಕ್ 1990ರ ದಶಕದ ಆರಂಭದಲ್ಲಿ ಬರೆದುದೂ ಇದನ್ನೇ ಹೋಲುತ್ತದೆ. ಅಲ್ಲಿ ಹೆಂಗಸರು ಮನೆಯೊಳಗಿಂದ ಊರಿಗೆಲ್ಲ ಕೇಳಿಸುವಂತೆ ಬಯ್ಯುವ ‘ಕ್ರೋಸ್’ ಎಂಬ ಮಾತಿನ ಪ್ರಕಾರವೇ ಇದೆ. ಗಂಡಸರು ತಮ್ಮನ್ನು ಸಂಯಮದ, ಮರೆಮಾತಿನ, ಸಮನ್ವಯದ ಕಡೆಯವರೆಂದು ಕಾಣಿಸಿಕೊಳ್ಳುತ್ತಾರೆ.

ಮೆಕ್ಸಿಕೊದ ಚಿಯಾಪಾಸ್ ರಾಜ್ಯದ ತೆನೆಹಾಪದಲ್ಲಿ ತ್ಸೆಲ್ತಾಲ್ ಭಾಷೆಯನ್ನು ಅಭ್ಯಸಿಸಿದ ಪೆನೆಲೊಪಿ ಬ್ರೌನ್ ಮಾತ್ರ, ಹೆಂಗಸರು ವಿನಯಸೂಚಕ ಅವ್ಯಯಗಳನ್ನು ಹೆಚ್ಚು ಬಳಸುವುದನ್ನು 1980ರಲ್ಲಿ ವರದಿ ಮಾಡಿದರು. ಹತ್ತು ವರ್ಷಗಳ ಬಳಿಕ ಅವರೇ ಪ್ರಕಟಿಸಿದ ನ್ಯಾಯಾಲಯದ ಮೊಕದ್ದಮೆಯ ವಿಶ್ಲೇಷಣೆಯಲ್ಲಿ ಚಿತ್ರ ಬದಲಾಗುತ್ತದೆ. ದಿನನಿತ್ಯ ವಿನಯದಿಂದಿರುವ ಹೆಂಗಸರು ಅಲ್ಲಿ ಅದೇ ವಿನಯದ ರೂಪಗಳನ್ನು ವ್ಯಂಗ್ಯವಾಗಿ ತಿರುಗಿಸಿ ಎದುರಾಳಿಯ ಮೇಲೆ ಬೀಸುತ್ತಾರೆ.

ಈ ಮೂರನ್ನೂ ಒಟ್ಟಿಗೆ ನೋಡಿದಾಗ ಹೊರಡುವ ಪಾಠ ‘ಕೆಲವೆಡೆ ಹೆಂಗಸರು ಪರೋಕ್ಷ, ಕೆಲವೆಡೆ ನೇರ’ ಎಂಬುದಷ್ಟೇ ಅಲ್ಲ. ಆಯಾ ಸಮಾಜ ಯಾವ ರೀತಿಯ ಮಾತಿಗೆ ಬೆಲೆ ಕೊಡುತ್ತದೆಯೋ ಆ ರೀತಿ ಗಂಡಸರ ಪಾಲಿಗೆ ಹೋಗಿ, ಉಳಿದುದು ಹೆಂಗಸರ ಸ್ವಭಾವವೆನಿಸಿಕೊಳ್ಳುತ್ತದೆ. ಮಡಗಾಸ್ಕರಿನಲ್ಲಿ ಪರೋಕ್ಷತೆ ವಿವೇಕ, ಅಮೆರಿಕದಲ್ಲಿ ಅದು ಅಳುಕು. ರೂಪ ಒಂದೇ ಆದರೂ ಹೆಸರು ಬೇರೆ.

ಕನ್ನಡದ ಪದಕೋಶದಲ್ಲೂ ಈ ಹೆಸರಿಡುವ ರಾಜಕೀಯವನ್ನು ಕಾಣಬಹುದು. ಮುಚ್ಚುಮರೆಯಿಲ್ಲದೆ ಮಾತನಾಡುವ ಗಂಡಸು ‘ನೇರ ಮಾತಿನವನು’, ‘ಖಡಾಖಂಡಿತ ಮನುಷ್ಯ’. ಹೆಂಗಸು ‘ಬಾಯಿ ಜೋರು’, ‘ಬಜಾರಿ’, ‘ಗಯ್ಯಾಳಿ’. ‘ಗಯ್ಯಾಳಿ’ಗೆ ಬಳಕೆಯಲ್ಲಿ ಪುಲ್ಲಿಂಗವಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ‘ಕಿರಗೂರಿನ ಗಯ್ಯಾಳಿಗಳು’ ಎಂದು ಹೆಸರಿಟ್ಟಾಗ ಆ ಬಯ್ಗುಳವನ್ನೇ ಮೆಚ್ಚುಗೆಯ ಕಡೆಗೆ ತಿರುಗಿಸಲು ಸಾಧ್ಯವಾದುದು, ಆ ಪದದ ಭಾರ ಓದುಗರಿಗೆ ಮೊದಲೇ ತಿಳಿದಿದ್ದುದರಿಂದ. ಇನ್ನು ಸುತ್ತುಮಾತಿಗೂ ಎರಡು ಅಳತೆ: ಹಿರಿಯ ಗಂಡಸು ಸೂಕ್ಷ್ಮವಾಗಿ ತಿಳಿಸಿದರೆ ‘ಗಂಭೀರ’, ಹೆಂಗಸು ತಿಳಿಸಿದರೆ ‘ಕೊಂಕು’.

4. ಅಳತೆಗೋಲಿನ ತೊಡಕು

ಪರೋಕ್ಷತೆಯನ್ನು ಎಣಿಸುವ ಅಧ್ಯಯನಗಳಲ್ಲಿ ಬಹಳವಾಗಿ ಬಳಕೆಯಾಗುವುದು ಶೋಶಾನಾ ಬ್ಲೂಮ್-ಕುಲ್ಕಾ, ಜೂಲಿಯಾನ್ ಹೌಸ್, ಗೇಬ್ರಿಯೆಲ್ ಕ್ಯಾಸ್ಪರ್ ಅವರು 1989ರಲ್ಲಿ ಸಂಪಾದಿಸಿದ ಸಂಪುಟದ ಒಂಬತ್ತು ಮೆಟ್ಟಿಲುಗಳ ಅಳತೆಗೋಲು. ವಿಧ್ಯರ್ಥ ರೂಪ ಅದರ ತೀರ ನೇರವಾದ ತುದಿ. ಮಂದ ಸೂಚನೆ ಇನ್ನೊಂದು ತುದಿ. ಪರೋಕ್ಷವಾದಷ್ಟೂ ವಿನಯ ಹೆಚ್ಚೆಂಬ ಗ್ರಹಿಕೆ ತಪ್ಪೆಂದು ಬ್ಲೂಮ್-ಕುಲ್ಕಾ ಅವರೇ 1987ರಲ್ಲಿ ಹೀಬ್ರೂ ಮತ್ತು ಇಂಗ್ಲಿಷ್ ಭಾಷಿಕರ ತೀರ್ಪುಗಳ ಆಧಾರದಿಂದ ತೋರಿಸಿದ್ದರು: ಅತಿ ವಿನಯವೆನಿಸಿದ್ದು ರೂಢಿಗತ ಪರೋಕ್ಷ ರೂಪಗಳೇ ಹೊರತು ಸೂಚನೆಗಳಲ್ಲ. ಈ ಎಚ್ಚರಿಕೆ ಅನ್ವಯದ ಹಂತದಲ್ಲಿ ಹಲವು ಸಲ ಮರೆತುಹೋಗುತ್ತದೆ.

ಕನ್ನಡಕ್ಕೆ ಈ ಅಳತೆಗೋಲನ್ನು ತಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಹೆಂಡತಿ ಗಂಡನಿಗೆ “ಬರುವಾಗ ತರಕಾರಿ ತನ್ನಿ” ಎನ್ನುತ್ತಾಳೆ. ಗಂಡ ಹೆಂಡತಿಗೆ “ಬರುವಾಗ ತರಕಾರಿ ತಾ” ಎನ್ನುತ್ತಾನೆ. ಎರಡೂ ವಿಧ್ಯರ್ಥ. ಅಳತೆಗೋಲಿನ ಪ್ರಕಾರ ಎರಡೂ ಮೊದಲ ಮೆಟ್ಟಿಲಿನವು. ಆದ್ದರಿಂದ ಸಮಾನ ನೇರತೆ. ಆದರೆ ಕನ್ನಡದಲ್ಲಿ ಈ ಎರಡರ ನಡುವೆ ಏಕವಚನ ಬಹುವಚನಗಳ ಇಡೀ ಅಂತರವಿದೆ. ಅನೇಕ ಮನೆಗಳಲ್ಲಿ ಹೆಂಡತಿಯದು ‘ನೀವು’, ಗಂಡನದು ‘ನೀನು’. ಈ ಅಸಮಾನತೆ ಮಾತುಗಾರರ ಆಯ್ಕೆಯಂತೆ ಆಗೀಗ ಕಾಣಿಸುವಂಥದಲ್ಲ. ಎದುರಿನವರನ್ನು ಉದ್ದೇಶಿಸಿದ ಪ್ರತಿಯೊಂದು ಕ್ರಿಯಾಪದದ ಕೊನೆಯಲ್ಲೂ ಕೂರುವಂಥದು. ನಗರದ ಕಿರಿಯ ದಂಪತಿಗಳಲ್ಲಿ ಪರಸ್ಪರ ಏಕವಚನ ಇಂದು ಸಾಮಾನ್ಯವಾಗುತ್ತಿದೆ. ಹಾಗಿದ್ದರೂ ಹಿರಿಯರೆದುರು ಬಹುವಚನಕ್ಕೆ ಮರಳುವವರುಂಟು. ವ್ಯಾಕರಣದಲ್ಲಿ ಇಷ್ಟು ಎದ್ದು ಕಾಣುವ ಲಿಂಗತ್ವದ ಗುರುತನ್ನು ಅಳತೆಗೋಲು ಮೊದಲ ಹೆಜ್ಜೆಯಲ್ಲೇ ಅಳಿಸಿ, ಆಮೇಲೆ ಅದನ್ನು ಸೂಚನೆಗಳ ಎಣಿಕೆಯಲ್ಲಿ ಹುಡುಕುತ್ತದೆ.

ರೂಪಗಳ ವಿಂಗಡಣೆಯಲ್ಲೂ ಇಂಥದೇ ಸಮಸ್ಯೆಯಿದೆ. “ಸ್ವಲ್ಪ ಬಾಗಿಲು ತೆಗೀರಿ” ಎಂಬಲ್ಲಿ ‘ಸ್ವಲ್ಪ’ ಬಾಗಿಲಿನ ಪ್ರಮಾಣವನ್ನು ಹೇಳುವುದಿಲ್ಲ. ಕೋರಿಕೆಯ ಭಾರವನ್ನು ತಗ್ಗಿಸುತ್ತದೆ. “ಬರೆದುಕೊಡಿ” ಎಂಬಲ್ಲಿ ‘ಕೊಡು’ ಸಹಾಯಕವಾಗಿ ಬಂದು ಕೆಲಸವನ್ನು ಉಪಕಾರವಾಗಿಸುತ್ತದೆ. ಇಂಗ್ಲಿಷ್ ಪ್ರಶ್ನಾರೂಪದಿಂದ ಸಾಧಿಸುವ ವಿನಯವನ್ನು ಕನ್ನಡ ಬಹುಮಟ್ಟಿಗೆ ವಿಧ್ಯರ್ಥದ ಒಳಗೇ ಸಾಧಿಸುತ್ತದೆ. ಇಂಗ್ಲಿಷಿನಿಂದ ಅನುವಾದವಾದ ಪ್ರಶ್ನಾವಳಿಯಲ್ಲಿ “ನೀವು ಬಾಗಿಲು ತೆಗೆಯಬಲ್ಲಿರಾ?” ಎಂಬ ವಾಕ್ಯವನ್ನಿಟ್ಟರೆ ಉತ್ತರಿಸುವವರು ಅಳೆಯುವುದು ಅನುವಾದದ ವಿಚಿತ್ರತೆಯನ್ನೇ. ಧಾರವಾಡದ ಕಡೆಯ ‘-ರಿ’ ಹಚ್ಚಿದ ವಿಧ್ಯರ್ಥಗಳು ಮೈಸೂರಿನ ಕಡೆಯವರ ಕಿವಿಗೆ ಒರಟೆನಿಸುವುದೂ, ಮೈಸೂರಿನವರ ಮಾತು ಧಾರವಾಡದವರಿಗೆ ಸುತ್ತುಮಾತೆನಿಸುವುದೂ ಜನಜನಿತ. ಈ ಪರಸ್ಪರ ಆಕ್ಷೇಪ ಗಂಡಸರು ಹೆಂಗಸರೆಂಬ ಭೇದವನ್ನು ಮಾಡುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಕೋರಿಕೆಗಳಲ್ಲದೆ ನಾಮನಿರ್ದೇಶದಲ್ಲೂ ಕನ್ನಡದ ಪರೋಕ್ಷತೆ ಲಿಂಗಬದ್ಧವಾಗಿದೆ. ಗಂಡನ ಹೆಸರು ಹೇಳದ ಹೆಂಗಸರು ‘ನಮ್ಮನೆಯವರು’, ‘ಯಜಮಾನ್ರು’, ‘ಇವರು’ ಎಂದೋ ಮಗುವಿನ ಹೆಸರು ಹಿಡಿದು ಇಂಥವನ ಅಪ್ಪನೆಂದೋ ಹೇಳುತ್ತಾರೆ, ಕರೆಯುವಾಗ ‘ರೀ’. ಉತ್ತರ ಕರ್ನಾಟಕದ ಮದುವೆಗಳಲ್ಲಿ ಮದುಮಕ್ಕಳಿಂದ ಸಂಗಾತಿಯ ಹೆಸರನ್ನು ಒಡಪಿನಲ್ಲಿ ಹೇಳಿಸುವ ಆಚರಣೆಗೆ ಸೊಗಸು ಬಂದದ್ದು, ದಿನಬಳಕೆಯಲ್ಲಿ ಆ ಹೆಸರು ನಿಷಿದ್ಧವಾದುದರಿಂದಲೇ. ಇದನ್ನು ಹೆಂಗಸರ ‘ಸಂಭಾಷಣಾ ಶೈಲಿ’ ಎನ್ನಲಾಗದು. ಇದು ವಿಧಿ. ವಿಧಿಗೂ ಶೈಲಿಗೂ ಇರುವ ಅಂತರವನ್ನು ಉಳಿಸಿಕೊಳ್ಳದ ವರ್ಗೀಕರಣ, ಹೊರಗಿನಿಂದ ಹೇರಿದ್ದನ್ನು ಒಳಗಿನ ಸ್ವಭಾವವೆಂದು ದಾಖಲಿಸುತ್ತದೆ.

5. ಕೇಳುಗರ ಪಾಲು

ಹಾಗಾದರೆ ಪರೋಕ್ಷತೆಯನ್ನು ಎಲ್ಲಿ ಹುಡುಕಬೇಕು? ಈ ಪ್ರಶ್ನೆಗೆ ನಮ್ಮ ಕಾವ್ಯಮೀಮಾಂಸೆಯಿಂದ ಒಂದು ನೆರವು ಪಡೆಯಬಹುದು. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದ ಮೂರನೆಯ ಉಲ್ಲಾಸದಲ್ಲಿ, ವಾಚ್ಯಾರ್ಥದಿಂದ ಬೇರೊಂದು ಅರ್ಥ ಹೊಳೆಯಲು ಕಾರಣವಾಗುವ ವಿಶೇಷಗಳನ್ನು ಎಣಿಸುತ್ತಾನೆ: ಹೇಳುವವರು, ಹೇಳಿಸಿಕೊಳ್ಳುವವರು, ಕಾಕು, ವಾಕ್ಯ, ವಾಚ್ಯ, ಬೇರೊಬ್ಬರ ಸನ್ನಿಧಿ, ಪ್ರಸ್ತಾವ, ದೇಶ, ಕಾಲ. ಅವನು ಕಾವ್ಯವನ್ನು ಕುರಿತು ಹೇಳಿದ್ದನ್ನು ಅಡುಗೆಮನೆಯ ಮಾತಿಗೆ ಅನ್ವಯಿಸುವುದರಲ್ಲಿ ಅಪಾಯವಿದೆ. ನಾವು ತೆಗೆದುಕೊಳ್ಳುವುದು ಪಟ್ಟಿಯನ್ನು ಮಾತ್ರ, ರಸವಿಚಾರವನ್ನಲ್ಲ. ಆ ಪಟ್ಟಿಯಲ್ಲಿ ಎರಡು ಅಂಶಗಳು ಆಧುನಿಕ ಅಳತೆಗೋಲುಗಳಿಗಿಂತ ಮುಂದಿವೆ.

ಒಂದು, ‘ಬೇರೊಬ್ಬರ ಸನ್ನಿಧಿ’. ನಮ್ಮ ಮನೆಮಾತಿನ ಎಷ್ಟೋ ಸೂಚನೆಗಳು ಇಬ್ಬರ ನಡುವಿನವಲ್ಲ. ಮಗಳಿಗೆ ಹೇಳಿ ಸೊಸೆಗೆ ಕೇಳಿಸುವ ಮಾತು, ಮಗುವನ್ನು ಗದರುವ ನೆಪದಲ್ಲಿ ಗಂಡನಿಗೆ ತಲುಪಿಸುವ ದೂರು, ನೆರೆಯವರೆದುರು ಹೊಗಳಿಕೆಯ ರೂಪದಲ್ಲಿ ಆಡುವ ಆಕ್ಷೇಪ ಇವೆಲ್ಲ ಮೂರನೆಯವರಿಲ್ಲದೆ ನಡೆಯವು. ಇಬ್ಬರೇ ಇರುವ ಸನ್ನಿವೇಶವನ್ನು ಕಾಗದದ ಮೇಲೆ ಕೊಟ್ಟು ಉತ್ತರ ಬರೆಸುವ ಪ್ರಶ್ನಾವಳಿ ಇವನ್ನು ಹಿಡಿಯಲಾರದು.

ಎರಡು, ಈ ಅರ್ಥ ಹೊಳೆಯುವುದು ಪ್ರತಿಭೆಯುಳ್ಳವರಿಗೆ ಎಂಬ ಮಮ್ಮಟನ ಷರತ್ತು. ಸೂಚನೆಯ ಯಶಸ್ಸಿನಲ್ಲಿ ಕೇಳುಗರ ಸಾಮರ್ಥ್ಯಕ್ಕೂ ಪಾಲಿದೆಯೆಂದು ಇದು ಒಪ್ಪಿಕೊಳ್ಳುತ್ತದೆ. ಇದಕ್ಕೆ ನಾವು ಸೇರಿಸಬೇಕಾದುದು ಇಷ್ಟೇ: ದಿನಬಳಕೆಯಲ್ಲಿ ಸಾಮರ್ಥ್ಯವಿದ್ದರೆ ಸಾಲದು, ಅದನ್ನು ಬಳಸುವ ಹಂಗೂ ಇರಬೇಕು. ಸೊಸೆಗೆ ಆ ಹಂಗಿದೆ. ಮಾವನ ಸಂದೇಹಸೂಚಕ ವಾಕ್ಯ ಕಾಫಿಯ ಬೇಡಿಕೆಯೆಂದು ಅವಳಿಗೆ ಹೊಳೆಯದಿದ್ದರೆ ಅದು ಅವಳ ತಪ್ಪು. ಹಾಲಿನ ಮಾತು ಮನೆಯ ಗಂಡಸರಿಗೆ ಹೊಳೆಯದಿದ್ದರೆ ಅದೂ ಅವಳದೇ ತಪ್ಪು: “ಬೇಕಿದ್ದರೆ ನೇರವಾಗಿ ಹೇಳಬಾರದಿತ್ತೆ?” ಸೂಚನೆಯ ಭಾರ ಎರಡು ಸಲವೂ ಒಂದೇ ಹೆಗಲ ಮೇಲೆ ಬೀಳುತ್ತದೆ, ಅವಳು ಕೇಳುಗಳಾಗಿದ್ದಾಗ ಊಹಿಸಬೇಕು, ಹೇಳುಗಳಾಗಿದ್ದಾಗ ಬಿಡಿಸಿ ಹೇಳಬೇಕು. ನೇರವಾಗಿ ಹೇಳಿದ ದಿನ ‘ಬಾಯಿ ಜೋರು’ ಕಾದಿರುತ್ತದೆ.

ಇಲ್ಲಿ ಎರಡು ಆಕ್ಷೇಪಗಳನ್ನು ನಿರೀಕ್ಷಿಸುತ್ತೇವೆ. ಮೊದಲನೆಯದು: ಇದು ಲಿಂಗತ್ವದ ಮಾತಲ್ಲ, ಅಧಿಕಾರದ ಮಾತು, ಅತ್ತೆಯ ಸೂಚನೆಯೂ ಮಾವನ ಸೂಚನೆಯಷ್ಟೇ ಬೇಗ ಫಲಿಸುತ್ತದಲ್ಲವೆ? ಫಲಿಸುತ್ತದೆ. ಓಬಾರ್ ಮತ್ತು ಅಟ್ಕಿನ್ಸ್ ಹೇಳಿದ್ದು ಇದನ್ನೇ. ಆದರೆ ‘ಲಿಂಗತ್ವವಲ್ಲ, ಅಧಿಕಾರ’ ಎಂಬ ಆಯ್ಕೆ ಸರಿಯಾದ ಆಯ್ಕೆಯಲ್ಲ. ಮನೆಯೊಳಗೆ ಯಾರು ಯಾರಿಗೆ ಊಹಿಸಿ ಬಡಿಸಬೇಕೆಂಬ ಪಾತ್ರಗಳು ಹಂಚಿಕೆಯಾಗುವುದೇ ಲಿಂಗತ್ವ ಮತ್ತು ವಯಸ್ಸಿನ ಮೂಲಕ. ಅತ್ತೆಗೆ ಆ ಸ್ಥಾನ ಬಂದುದು ಒಂದು ಕಾಲಕ್ಕೆ ಊಹಿಸುವ ಸೊಸೆಯಾಗಿದ್ದು. ಮಾವನಿಗೆ ಆ ಶಿಷ್ಯವೃತ್ತಿ ಬೇಕಾಗಲಿಲ್ಲ.

ಎರಡನೆಯದು: ಪರೋಕ್ಷತೆಯನ್ನು ಬಲಹೀನತೆಯೆಂದೇ ಕಾಣುವುದು ತಪ್ಪಲ್ಲವೆ? ತಪ್ಪು. ಸೂಚನೆ ಹಿಂತೆಗೆದುಕೊಳ್ಳಬಹುದಾದ ಮಾತು, ಆಡಿಯೂ ಆಡಲಿಲ್ಲವೆನ್ನಬಹುದು. ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಚರ್ಚಿಸಿದ ಪ್ರಸಿದ್ಧ ಪ್ರಾಕೃತ ಪದ್ಯದಲ್ಲಿ, ತಾನು ನಲ್ಲನನ್ನು ಕೂಡುವ ಗೋದಾವರಿಯ ತಡಿಗೆ ಹೂ ಕೊಯ್ಯಲು ಬರುವ ಧಾರ್ಮಿಕನಿಗೆ ಹೆಣ್ಣೊಬ್ಬಳು, ಅವನು ಅಂಜುತ್ತಿದ್ದ ನಾಯಿಯನ್ನು ಅಲ್ಲಿನ ಸಿಂಹ ಕೊಂದಿದೆಯೆಂದೂ ಇನ್ನು ನಿಶ್ಚಿಂತೆಯಿಂದ ತಿರುಗಾಡಬಹುದೆಂದೂ ಹೇಳುತ್ತಾಳೆ. ಮಾತು ಅನುಮತಿಯದು, ಅರ್ಥ ನಿಷೇಧದ್ದು. ಪರೋಕ್ಷತೆಯ ಈ ಜಾಣ್ಮೆಯನ್ನು ಯಾವ ವಿಶ್ಲೇಷಣೆಯೂ ಕಡೆಗಣಿಸಬಾರದು. ಆದರೆ ಆ ಜಾಣ್ಮೆ ಗೆದ್ದದ್ದು ಕೇಳುವವನಿಗೆ ಸಿಂಹದ ಭಯವಿದ್ದುದರಿಂದ. ಅರ್ಥಮಾಡಿಕೊಳ್ಳದಿದ್ದರೆ ನಷ್ಟ ಅವನದೇ. ನಷ್ಟ ಹೇಳುವವಳದಾಗಿರುವಲ್ಲಿ ಜಾಣ್ಮೆ ಸಾಲುವುದಿಲ್ಲ.

6. ನಿರಾಕರಣೆ: ಪಣವಾಗಿರುವುದೇನು

ಇದು ಪಾರಿಭಾಷಿಕ ಚರ್ಚೆಯಷ್ಟೇ ಆಗಿದ್ದರೆ ಇಷ್ಟು ವಿಸ್ತರಿಸುವ ಅಗತ್ಯವಿರಲಿಲ್ಲ. ಸಿಲಿಯಾ ಕಿಟ್ಸಿಂಗರ್ ಮತ್ತು ಹ್ಯಾನಾ ಫ್ರಿತ್ 1999ರಲ್ಲಿ, ಲೈಂಗಿಕ ಒತ್ತಾಯವನ್ನು ತಡೆಯಲು ಹೆಣ್ಣುಮಕ್ಕಳಿಗೆ ‘ಸ್ಪಷ್ಟವಾಗಿ ಇಲ್ಲವೆನ್ನಿ’ ಎಂದು ಕಲಿಸುವ ತರಬೇತಿಗಳನ್ನು ಸಂವಾದ ವಿಶ್ಲೇಷಣೆಯ ಬೆಳಕಿನಲ್ಲಿ ಪ್ರಶ್ನಿಸಿದರು. ದಿನಬಳಕೆಯಲ್ಲಿ ಆಹ್ವಾನವನ್ನೋ ಕೋರಿಕೆಯನ್ನೋ ನಿರಾಕರಿಸುವಾಗ ಯಾರೂ ಸಾಮಾನ್ಯವಾಗಿ ಬರಿಯ ‘ಇಲ್ಲ’ ಎನ್ನುವುದಿಲ್ಲ. ತಡೆದು, ಮೆದುಗೊಳಿಸಿ, ಕಾರಣ ಕೊಟ್ಟು ಹೇಳುತ್ತಾರೆ. ಅದು ಎಲ್ಲರಿಗೂ ನಿರಾಕರಣೆಯಾಗಿಯೇ ಅರ್ಥವಾಗುತ್ತದೆ. ಆದ್ದರಿಂದ ಈ ಒಂದು ಸಂದರ್ಭದಲ್ಲಿ ಮಾತ್ರ ಅರ್ಥವಾಗಲಿಲ್ಲವೆನ್ನುವುದು ನಂಬಲರ್ಹವಲ್ಲ ಎಂಬುದು ಅವರ ವಾದ.

ಕನ್ನಡದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಸಾಲ ಕೇಳಿದವರಿಗೆ “ನೋಡೋಣ” ಎಂಬ ಉತ್ತರ ಸಿಕ್ಕಿದರೆ, ಸಾಲ ಸಿಗುವುದಿಲ್ಲವೆಂದು ಅವರು ತಿಳಿದುಕೊಂಡೇ ಹೊರಡುತ್ತಾರೆ. ಹೆಣ್ಣು ನೋಡಿ ಹೋದ ಗಂಡಿನವರು “ಊರಿಗೆ ಹೋಗಿ ತಿಳಿಸುತ್ತೇವೆ” ಎಂದರೆ ಹೆಣ್ಣಿನ ಮನೆಯವರಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ. “ಮನೆಯಲ್ಲಿ ಕೇಳಬೇಕು”, “ಈಗ ಹೊತ್ತಾಯಿತು”, “ಇನ್ನೊಮ್ಮೆ ಬರುತ್ತೇನೆ ಬಿಡಿ” ಇವೆಲ್ಲ ನಿರಾಕರಣೆಗಳೆಂಬುದು ಗಂಡಸರಿಗೂ ಗೊತ್ತು. ಅವರೂ ಹೀಗೆಯೇ ನಿರಾಕರಿಸುತ್ತಾರೆ. ಹೀಗಿರುವಾಗ ಹೆಣ್ಣೊಬ್ಬಳ “ಈಗ ಬೇಡವಲ್ಲ” ಎಂಬುದು ಅಸ್ಪಷ್ಟವಾಗಿತ್ತೆಂಬ ವಾದ ಭಾಷಿಕ ಸಾಮರ್ಥ್ಯದ ಕೊರತೆಯನ್ನು ಹೇಳುತ್ತಿಲ್ಲ.

ನ್ಯಾಯಾಲಯಗಳಿಗೆ ಈ ಪ್ರಶ್ನೆ ಹೊರಗಿನದಲ್ಲ. ಭಾರತೀಯ ದಂಡಸಂಹಿತೆಗೆ 2013ರಲ್ಲಾದ ತಿದ್ದುಪಡಿ, ಸಮ್ಮತಿಯೆಂದರೆ ಮಾತು, ಸನ್ನೆ ಅಥವಾ ಬೇರೆ ರೀತಿಯ ಸಂವಹನದಿಂದ ವ್ಯಕ್ತಪಡಿಸಿದ ನಿಸ್ಸಂದಿಗ್ಧ, ಸ್ವಯಂಪ್ರೇರಿತ ಒಪ್ಪಿಗೆ ಎಂದು ವಿವರಿಸಿತು. ಅಂದರೆ ಸಂದಿಗ್ಧತೆಯ ಲಾಭ ಕೇಳುಗನಿಗಲ್ಲ. ಹಾಗಿದ್ದೂ 2017ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿದ ತೀರ್ಪೊಂದರಲ್ಲಿ, ಹೆಂಗಸಿನ ಕ್ಷೀಣವಾದ ‘ಇಲ್ಲ’ ಕೆಲವೊಮ್ಮೆ ‘ಹೌದು’ ಎಂದಾಗಬಹುದೆಂಬ ಅಭಿಪ್ರಾಯ ಕಾಣಿಸಿಕೊಂಡಿತು. ಆ ಪ್ರಕರಣದ ಗುಣದೋಷಗಳನ್ನು ಚರ್ಚಿಸುವುದು ನಮ್ಮ ಕೆಲಸವಲ್ಲ. ಆದರೆ ಆ ವಾಕ್ಯದ ಹಿಂದಿರುವುದು ಭಾಷೆಯ ಕುರಿತ ಒಂದು ಸಿದ್ಧಾಂತ: ಹೆಂಗಸರ ಮಾತು ಸ್ವಭಾವತಃ ಪರೋಕ್ಷ, ಆದ್ದರಿಂದ ಅದರ ಅರ್ಥವನ್ನು ನಿರ್ಧರಿಸುವ ಹಕ್ಕು ಕೇಳುಗನದು. ಈ ಸಿದ್ಧಾಂತದ ಮೊದಲರ್ಧವನ್ನು ನಮ್ಮ ಶಾಸ್ತ್ರವೇ ಪಠ್ಯಗಳಲ್ಲಿ ಕಲಿಸಿದೆ ಎಂಬುದನ್ನು ಮರೆಯಲಾಗದು.

7. ಸಮಾರೋಪ

ನಿಜವಾದ ಅಪಾರ್ಥಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಬೇರೆ ಪ್ರದೇಶದಿಂದ ಬಂದವರು, ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿತವರು, ಮನೆಗೆ ಹೊಸಬರು ಸೂಚನೆಗಳನ್ನು ತಪ್ಪಾಗಿ ತಿಳಿಯುವುದುಂಟು. ಪ್ರಶ್ನೆಯಿರುವುದು ಅಪಾರ್ಥವನ್ನೂ ಅರ್ಥಮಾಡಿಕೊಳ್ಳಲು ಒಲ್ಲದಿರುವುದನ್ನೂ ಬೇರ್ಪಡಿಸುವ ಬಗೆಯಲ್ಲಿ. ಧ್ವನಿಮುದ್ರಿತ ಮಾತುಕತೆಯಲ್ಲಿ ಇದಕ್ಕೆ ಮೂರು ಕುರುಹುಗಳನ್ನು ಹುಡುಕಬಹುದು. ಮೊದಲನೆಯದು, ಅದೇ ಕೇಳುಗರು ಅದೇ ರೂಪವನ್ನು ಬೇರೊಬ್ಬರ ಬಾಯಿಂದ ಬಂದಾಗ ಗ್ರಹಿಸುತ್ತಾರೆಯೆ? ಗ್ರಹಿಸಿದರೆ ಸಾಮರ್ಥ್ಯದ ಕೊರತೆಯಿಲ್ಲ. ಎರಡನೆಯದು, ಅರ್ಥವಾಗದವರು ವಿವರಣೆ ಕೇಳುತ್ತಾರೆಯೆ? “ಅಂದರೆ ತರಬೇಕಾ?” ಎಂಬ ಮರುಪ್ರಶ್ನೆ ಅಪಾರ್ಥದ ಕುರುಹು, “ಹೌದಾ?” ಎಂಬುದು ಮಾತನ್ನು ಅಲ್ಲಿಗೇ ಮುಗಿಸುತ್ತದೆ. ಮೂರನೆಯದು, ಸೂಚನೆ ನೇರ ಕೋರಿಕೆಯಾಗಿ ಮರಳಿ ಬಂದಾಗ ಏನಾಗುತ್ತದೆ? ಕೆಲಸ ನಡೆದರೆ ಒಂದು ಬಗೆ; ಕೋರಿಕೆಯ ಬದಲು ಕೋರಿದವರ ದನಿಯೇ ಚರ್ಚೆಯ ವಸ್ತುವಾದರೆ ಇನ್ನೊಂದು ಬಗೆ.

ಉಕ್ತಿಯಿಂದ ಉಕ್ತಿಯ ಸರಣಿಗೆ ಗಮನವನ್ನು ತಿರುಗಿಸುವುದು ಹೊಸ ಸಲ���ೆಯೇನಲ್ಲ. ಫಿಲಡೆಲ್ಫಿಯಾದ ಬೀದಿಯೊಂದರ ಮಕ್ಕಳ ಆಜ್ಞೆಗಳನ್ನು ಮಾರ್ಜರಿ ಗುಡ್ವಿನ್ 1980ರಲ್ಲಿ ಅಭ್ಯಸಿಸಿದ್ದು ಅವುಗಳಿಗೆ ಬಂದ ಉತ್ತರಗಳೊಡನೆಯೇ. ಕೂಡಿ ಕೆಲಸ ಮಾಡುವಾಗ ‘ಮಾಡೋಣ’ ಎನ್ನುವ ಹುಡುಗಿಯರು ಮನೆಯಾಟದಲ್ಲಿ ತಾಯಿಯ ಪಾತ್ರ ವಹಿಸಿದೊಡನೆ ನೇರ ಆಜ್ಞೆಗಳನ್ನು ಕೊಡುತ್ತಿದ್ದುದನ್ನು ಅವರು ಕಂಡರು. ಆ ಹುಡುಗಿಯರಿಗೆ ಎರಡೂ ರೀತಿ ಗೊತ್ತಿತ್ತು, ಬದಲಾದದ್ದು ಪಾತ್ರ.

ಕನ್ನಡದ ಮನೆ, ಕಚೇರಿ, ಅಂಗಡಿ, ಆಸ್ಪತ್ರೆಗಳ ಮಾತುಕತೆಯನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಗೌರವ ಬಹುವಚನವನ್ನೂ ಮೂರನೆಯವರ ಸನ್ನಿಧಿಯನ್ನೂ ಮೊದಲಿನಿಂದಲೇ ಲೆಕ್ಕಕ್ಕೆ ಹಿಡಿದು, ಪ್ರತಿ ಸೂಚನೆಯ ಮುಂದಿನ ಸರದಿಯನ್ನು ದಾಖಲಿಸುವ ಅಧ್ಯಯನಗಳು ನಮಗೆ ಬೇಕು. ‘ಹೆಂಗಸರು ಏಕೆ ನೇರವಾಗಿ ಹೇಳುವುದಿಲ್ಲ’ ಎಂಬ ಪ್ರಶ್ನೆಯಿಂದ ಹೊರಡುವ ಪ್ರಬಂಧಕ್ಕೆ ಅದರ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಹೇಳಿದ್ದು ಯಾರಿಗೆ ಕೇಳಿಸಿತು, ಕೇಳಿಸಿಯೂ ಯಾರು ಸುಮ್ಮನಿರಬಹುದಿತ್ತು ಎಂದು ಕೇಳಿದರೆ, ಹಾಲು ಏಕೆ ಬರಲಿಲ್ಲವೆಂಬುದಕ್ಕೆ ಸೊಸೆಯ ವಾಕ್ಯರಚನೆಯಲ್ಲಿ ಕಾರಣ ಹುಡುಕುವ ಅಗತ್ಯ ಬೀಳುವುದಿಲ್ಲ.